ಹನ್ನೆರಡು ಗಂಟೆಯೊಳಗಿನ ವರದಿ

ಮಾರ್ಚ್ ಹದಿನಾಲ್ಕರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ದರ್ಜಿಯೊಬ್ಬ ಠಾಣೆಗೆ ಬಂದು ಇನ್‌ಸ್ಪೆಕ್ಟರರ ಮೇಜಿನ ಮೇಲೆ ಒಂದು ಬಾಟಲಿ ಇಟ್ಟ. ಒಳಗೆ ನೀರಿತ್ತು. ತಳದಲ್ಲಿ ಬೂದು ಬಣ್ಣದ ಒಂದು ಪುಕ್ಕ ಕೂತಿತ್ತು.

“ನಮ್ಮ ನಲ್ಲೀದು ಸಾರ್. ಮಗಳು ಮೂರು ದಿನ ವಾಂತಿ ಭೇದಿ ಅಂತ ಮಲಗಿದ್ಲು. ಇವತ್ತು ಬೆಳಗಿನ ಜಾವ ಹೋದ್ಲು.”

“ಎಷ್ಟು ವಯಸ್ಸು?”

“ಏಳು.”

“ಬೇರೆ ಯಾರಿಗಾದ್ರೂ ಆಗಿದೆಯಾ?”

“ನಮ್ಮ ಬೀದೀಲೇ ಹನ್ನೊಂದು ಜನ ಆಸ್ಪತ್ರೇಲಿದ್ದಾರೆ. ಟ್ಯಾಂಕ್ ನೋಡೋಕೆ ಅಂತಲೇ ಒಬ್ಬರಿಗೆ ಸಂಬಳ ಕೊಡ್ತಾರಂತಲ್ಲ ಸಾರ್. ಯಾರೂ ನೋಡಲೇ ಇಲ್ವಾ?”

ಇನ್‌ಸ್ಪೆಕ್ಟರರ ಕಣ್ಣು ಮೂಲೆಯಲ್ಲಿದ್ದ ಮಡಕೆಯ ಕಡೆ ಹೋಯಿತು. ಠಾಣೆಗೆ ಬರುವುದೂ ಅದೇ ಟ್ಯಾಂಕಿನ ನೀರು. ಎರಡು ದಿನದಿಂದ ಅವರ ಹೊಟ್ಟೆಯೂ ಕೆಟ್ಟಿತ್ತು. ಪಾಪ, ಎದುರಿನ ಹೋಟೆಲಿನವನನ್ನು ಬಾಯಿಗೆ ಬಂದಂತೆ ಬೈದಿದ್ದರು. ಎದ್ದುಹೋಗಿ ಮಡಕೆಯನ್ನು ಮೋರಿಗೆ ಬಗ್ಗಿಸಿ ಬಂದರು. ಒಂಬತ್ತೂ ನಲವತ್ತಕ್ಕೆ FIR ದಾಖಲಾಯಿತು. ಆ ಹೊತ್ತನ್ನು ಬರೆದುಕೊಂಡವನು ಕಾನ್‌ಸ್ಟೆಬಲ್. ಉಸಿರು ಬಿಟ್ಟರೂ ಎಷ್ಟು ಗಂಟೆಗೆ ಬಿಟ್ಟೆ ಎಂದು ಬರೆದಿಡುವ ಅವನನ್ನು ಠಾಣೆಯಲ್ಲಿ ಎಲ್ಲರೂ ಗಡಿಯಾರ ಎಂದೇ ಕರೆಯುತ್ತಿದ್ದರು.

ಹತ್ತೂವರೆಗೆ ಇಬ್ಬರು ಪಂಚರನ್ನು ಕರೆದುಕೊಂಡು ಟ್ಯಾಂಕಿನ ಏಣಿ ಹತ್ತಿದರು. ನಲವತ್ತೆರಡು ಮೆಟ್ಟಿಲು. ಮೇಲೆ ಮುಚ್ಚಳ ಅರ್ಧ ಸರಿದಿತ್ತು, ಕೆಳಗಿನ ಜಾಲರಿ ಇರಲೇ ಇಲ್ಲ. ಇನ್‌ಸ್ಪೆಕ್ಟರರು ಬಗ್ಗಿ ಟಾರ್ಚ್ ಬಿಟ್ಟರು. ಐದು ಪಾರಿವಾಳಗಳು ಉಬ್ಬಿ ತೇಲುತ್ತಿದ್ದವು. ಅವುಗಳ ಸುತ್ತ ನೀರು ಜಿಡ್ಡುಗಟ್ಟಿತ್ತು. ಪಂಚರಲ್ಲಿ ಒಬ್ಬ ಅಲ್ಲೇ ಕಾರಿಕೊಂಡ. ಇದನ್ನೇ ಅಲ್ಲವೇ ತಾನು ಲೋಟ ಲೋಟ ಕುಡಿದದ್ದು ಎಂದು ನೆನೆದು ಇನ್‌ಸ್ಪೆಕ್ಟರರಿಗೆ ನಾಲಿಗೆಯನ್ನೇ ಕಿತ್ತೆಸೆಯಬೇಕು ಅನ್ನಿಸಿತು. ಪಂಚನಾಮೆ ಮುಗಿಸಿ, ನೀರು ಬಿಡುವ ಗೇಟನ್ನು ಮುಚ್ಚಿಸಿ ಕೆಳಗಿಳಿದರು.

ಮಧ್ಯಾಹ್ನ ಎರಡಕ್ಕೆ ನಗರದ ನೀರು ಸರಬರಾಜು ಕಚೇರಿ. ಅಲ್ಲಿನ ಅಧಿಕಾರಿ ಫ್ಯಾನಿನ ಕೆಳಗೆ ಕೂತು ಒಂದು ಅಚ್ಚಿನ ಹಾಳೆ ಮುಂದಿಟ್ಟರು.

“ನೋಡಿ, ಮಾರ್ಚ್ ಹನ್ನೊಂದು. ನಿಮ್ಮೂರ ಟ್ಯಾಂಕ್. ನೀರು ಶುದ್ಧ. ಕ್ಲೋರಿನ್ ಸರಿಯಾಗಿದೆ. ಜಾಲರಿ ಭದ್ರ.”

“ಯಾರು ಬರೆದದ್ದು?”

“ಬರೆಯೋದೆಲ್ಲ ಹಳೇ ಕಾಲ ಸಾರ್. ನಮ್ಮ ಪರೀಕ್ಷಕನಿಗೆ ಅಂಗೈ ಕಂಪ್ಯೂಟರ್ ಕೊಟ್ಟಿದ್ದೀವಿ. ಒಂಬತ್ತು ಊರು ಸುತ್ತುತ್ತಾನೆ. ಟ್ಯಾಂಕ್ ಹತ್ತಿ ನೋಡಿ, ಅಲ್ಲೇ ಯಾವುದಾದ್ರೂ ಫೋನಿಗೆ ಮೋಡೆಮ್ ಸಿಕ್ಕಿಸಿದ್ರೆ ವರದಿ ಸೀದಾ ಇಲ್ಲಿಗೆ. ಮಧ್ಯಾಹ್ನ ಹನ್ನೆರಡು ಗಂಟೆಯೊಳಗೆ ಬರಲೇಬೇಕು. ಇವನದು ಒಂದು ದಿನವೂ ತಪ್ಪಲ್ಲ. ಪ್ರಶಂಸಾ ಪತ್ರ ಕೊಟ್ಟಿದ್ದೀವಿ!”

“ಐದು ಹಕ್ಕಿ ಕೊಳೀತಾ ಇದ್ದವು.”

“ಅವು ಆಮೇಲೆ ಬಿದ್ದಿರಬೇಕು,” ಎಂದು ಅಧಿಕಾರಿ ಹಾಳೆಯನ್ನು ಮಡಚಿಟ್ಟರು.

ಪರೀಕ್ಷಕ ಅದೇ ನಗರದವನು. ನಲವತ್ತರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ. ಸಂಜೆ ನಾಲ್ಕಕ್ಕೆ ಅವನ ಮನೆಯ ಹಜಾರದಲ್ಲೇ ವಿಚಾರಣೆ ನಡೆಯಿತು. ಗೋಡೆಯ ಮೇಲೆ ಪ್ರಶಂಸಾ ಪತ್ರ ತೂಗುತ್ತಿತ್ತು.

“ಹನ್ನೊಂದನೇ ತಾರೀಕು ಟ್ಯಾಂಕ್ ಹತ್ತಿದ್ರಾ?”

“ಹತ್ತಿದೆ.”

“ಹಕ್ಕಿ?”

“ಆವತ್ತು ಇರಲಿಲ್ಲ.”

“ವರದಿ ಎಲ್ಲಿಂದ ಕಳಿಸಿದ್ರಿ?”

“ಟ್ಯಾಂಕಿನ ಎದುರೇ ಫೋನ್ ಬೂತ್ ಇದೆಯಲ್ಲ, ಅಲ್ಲಿಂದ. ಫೋನಿನ ವೈರ್ ಬಿಚ್ಚಿ ಮೋಡೆಮ್‌ಗೆ ಸಿಕ್ಕಿಸಿದೆ. ಮೂರು ನಿಮಿಷದ ಕೆಲಸ.”

ಪಶುವೈದ್ಯರನ್ನು ಕೇಳಿದ್ದಾಗಿತ್ತು. ನೀರಲ್ಲಿ ಬಿದ್ದ ಹೆಣಕ್ಕೆ ಖಚಿತವಾಗಿ ದಿನ ಹೇಳುವುದು ಕಷ್ಟ ಎಂದಿದ್ದರು. ಅಂದರೆ ಇವನ ಮಾತನ್ನು ಸುಳ್ಳೆನ್ನಲು ಬೇರೆ ದಾರಿ ಬೇಕಿತ್ತು.

ಮರುದಿನ ಎಂಟೂ ಇಪ್ಪತ್ತಕ್ಕೆ ಇನ್‌ಸ್ಪೆಕ್ಟರರು ಬೂತಿಗೆ ಹೋದರು. ಅದನ್ನು ನಡೆಸುತ್ತಿದ್ದ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ವೈರ್ ಬಿಚ್ಚಿದ್ನಂತಾ? ನನ್ನ ಫೋನಿನ ವೈರಾ? ಬನ್ನಿ, ನೀವೇ ಬಿಚ್ಚಿ ತೋರ್ಸಿ!”

ಫೋನಿನ ವೈರು ನೇರ ಗೋಡೆಯ ಡಬ್ಬಿಯೊಳಗೆ ಹೋಗಿತ್ತು. ಕಿತ್ತು ಸಿಕ್ಕಿಸುವ ಪಿನ್ನೇ ಇಲ್ಲ. ಡಬ್ಬಿಯ ಸ್ಕ್ರೂಗಳ ಮೇಲೆ ಗೋಡೆಯ ಬಣ್ಣ ಹಾಗೇ ಮೆತ್ತಿತ್ತು.

“ಬಣ್ಣ ಹೊಡೆಸಿ ಎಷ್ಟು ದಿನವಾಯ್ತು ಅಕ್ಕ?”

“ಒಂದು ವರ್ಷ ಆಗ್ತಾ ಬಂತು. ಹಿಂದೆ ಯಾವಾಗಲೋ ಒಬ್ಬ ಸಣ್ಣ ಪೆಟ್ಟಿಗೆ ಹಿಡ್ಕೊಂಡು ಬಂದು ಡಬ್ಬಿ ಬಿಚ್ಚಲಾ ಅಂತ ಗೋಗರೆದ. ಆಗೋದಿಲ್ಲ ಅಂತ ಓಡಿಸಿದ್ದೆ. ಆಮೇಲೆ ಈ ಕಡೆ ತಲೆ ಹಾಕಿಲ್ಲ.”

ಅದೇ ಸಮಯಕ್ಕೆ ಊರಿನ ಲಾಡ್ಜಿನಲ್ಲಿ ಔಷಧಿ ಕಂಪನಿಯ ಏಜೆಂಟ್ ಒಬ್ಬ ಇಳಿದಿದ್ದ. ಅವನ ಬಳಿಯೂ ಪರೀಕ್ಷಕನದರಂತಹದೇ ಯಂತ್ರವಿದೆ ಎಂದು ಗಡಿಯಾರ ಪತ್ತೆಹಚ್ಚಿದ. ಏಜೆಂಟ್ ಚೀಲ ಬಿಚ್ಚಿ ಮಂಚದ ಮೇಲೆ ಹರಡಿದ. ಅಂಗೈಯಗಲದ ಕಂಪ್ಯೂಟರು, ಸೋಪಿನ ಡಬ್ಬಿಯಷ್ಟಿರುವ ಮೋಡೆಮ್, ಮೂರು ತರಹದ ವೈರು, ಸ್ಕ್ರೂಡ್ರೈವರ್, ಹಲ್ಲಿರುವ ಎರಡು ಕ್ಲಿಪ್ಪು.

“ಊರೂರು ತಿರುಗೋನ ಪಾಡು ಕೇಳಬೇಡಿ ಸಾರ್. ಈ ಲಾಡ್ಜಿಗೆ ಮೊದಲು ಸೊನ್ನೆ ಒತ್ತಿ ಎರಡು ಸೆಕೆಂಡ್ ಕಾಯಬೇಕು. ಹಿಂದಿನ ಊರಲ್ಲಿ ಒಂಬತ್ತು. ಹಳೇ ಎಕ್ಸ್‌ಚೇಂಜ್ ಇದ್ರೆ ಡಯಲ್ ಮಾಡೋ ಕ್ರಮಾನೇ ಬೇರೆ. ಪ್ರತಿ ಸಲ ತಲೆ ಕೆಡಿಸ್ಕೊಳ್ಳೋದು ಬೇಡ ಅಂತ ಪ್ರತಿ ಜಾಗಕ್ಕೂ ಒಂದೊಂದು ಸಾಲು ಬರೆದಿಟ್ಟಿರ್ತೀವಿ.” ಕಡ್ಡಿಯಿಂದ ಪರದೆ ಮುಟ್ಟಿ ತೋರಿಸಿದ. ಪಟ್ಟಿಯಲ್ಲಿ ಮೂವತ್ತೊಂದು ಸಾಲುಗಳಿದ್ದವು.

“ಬೇರೆ ಊರಿಂದ ಮಾಡಿದ್ರೆ ಊರಿನ ಕೋಡ್ ಸಂಖ್ಯೆ?”

“ಅದಿಲ್ಲದೆ ಹೋಗೋದೇ ಇಲ್ಲ ಸಾರ್.”

ಹದಿನೈದರ ಮಧ್ಯಾಹ್ನ ಒಂದೂ ಐದಕ್ಕೆ ಪರೀಕ್ಷಕನ ಯಂತ್ರವನ್ನು ಅವನ ಮನೆಯಲ್ಲೇ ಪಂಚರ ಎದುರು ವಶಪಡಿಸಿಕೊಂಡರು. ಒಂಬತ್ತು ಊರು ಸುತ್ತುವವನ ಪಟ್ಟಿ ತೆರೆದಾಗ ಅದರಲ್ಲಿದ್ದದ್ದು ಒಂದೇ ಸಾಲು: ಮನೆ. ಅದರ ಮುಂದೆ ಕಚೇರಿಯ ಸಂಖ್ಯೆ, ನಗರದೊಳಗಿಂದಷ್ಟೇ ಹೋಗುವಂತೆ, ಊರಿನ ಕೋಡ್ ಇಲ್ಲದೆ.

“ಬೇರೆ ಊರಿನವನ್ನ ಅಳಿಸಿಬಿಟ್ಟೆ,” ಎಂದ ಪರೀಕ್ಷಕ.

“ಯಾವಾಗ?”

ಪರೀಕ್ಷಕ ಅಂಗಿಯ ಕಾಲರ್ ಸರಿಮಾಡಿಕೊಂಡ. ಮೂರೂವರೆಗೆ ಟೆಲಿಫೋನ್ ಇಲಾಖೆಯ ಕರೆಗಳ ಪಟ್ಟಿ ಅಲ್ಲಿಗೇ ಬಂತು. ಮಾರ್ಚ್ ಹನ್ನೊಂದು, ಬೆಳಿಗ್ಗೆ ಹನ್ನೊಂದೂ ಐವತ್ತೆರಡು, ಪರೀಕ್ಷಕನ ಮನೆಯಿಂದ ಕಚೇರಿಯ ಕಂಪ್ಯೂಟರಿಗೆ ಕರೆ. ಹಿಂದಿನ ವಾರವೂ ಹಾಗೇ. ಅದರ ಹಿಂದಿನ ವಾರವೂ ಹಾಗೇ. ಎಂಟು ತಿಂಗಳಿಂದ ಒಂಬತ್ತು ಊರಿನ ನೀರು ಈ ಹಜಾರದ ಸೋಫಾದ ಮೇಲೆಯೇ ಶುದ್ಧವಾಗುತ್ತಿತ್ತು. ಇನ್‌ಸ್ಪೆಕ್ಟರರಿಗೆ ಸೋಫಾ ನೋಡಿಯೇ ಅಸಹ್ಯವಾಯಿತು. ಕೂರಲು ಮನಸ್ಸಾಗದೆ ನಿಂತೇ ಕೇಳಿದರು.

“ನೀವು ಯಾವ ನೀರು ಕುಡೀತೀರಿ?”

ಪರೀಕ್ಷಕ ತಲೆ ತಗ್ಗಿಸಿದ. “ಕುದಿಸಿ, ಸೋಸಿ ಕುಡೀತೀವಿ.”

ಇನ್‌ಸ್ಪೆಕ್ಟರರ ಮೈಯೆಲ್ಲ ಉರಿದುಹೋಯಿತು. ಕೈ ಎತ್ತದಂತೆ ತಡೆದುಕೊಳ್ಳಲು ಎರಡೂ ಕೈ ಹಿಂದೆ ಕಟ್ಟಿಕೊಂಡರು. “ಆ ಮಗೂಗೆ ಏಳು ವರ್ಷ ಕಣಯ್ಯಾ.”

ಆಗ ಅವನು ಬಾಯಿಬಿಟ್ಟ. ಮೊದಲ ಮೂರು ತಿಂಗಳು ಎಲ್ಲ ಏಣಿಗಳನ್ನೂ ಹತ್ತಿದ್ದನಂತೆ. ಆದರೆ ವರದಿ ಕಳಿಸಲು ಫೋನು ಸಿಗುತ್ತಿರಲಿಲ್ಲ. ಲಾಡ್ಜಿನವನು ವೈರು ಮುಟ್ಟಬೇಡ ಅಂದ, ಬೂತಿನವಳು ಓಡಿಸಿದಳು, ಸಿಕ್ಕ ಫೋನಿನಲ್ಲಿ ಲೈನು ನಡುವೆಯೇ ಕಡಿಯಿತು. ಮನೆಗೆ ಬಂದು ಮರುದಿನ ಕಳಿಸಿದ. ತಡವಾಯಿತೆಂದು ಮೆಮೊ ಬಂತು. ಮೂರು ಮೆಮೊ ಆದ ಮೇಲೆ ಮನೆಯಲ್ಲೇ ಕೂತು ಕಳಿಸತೊಡಗಿದ. ಯಾರೂ ಏನೂ ಕೇಳಲಿಲ್ಲ, ಬದಲಿಗೆ ಪ್ರಶಂಸಾ ಪತ್ರ ಬಂತು.

ಸಂಜೆ ಐದೂ ಹತ್ತಕ್ಕೆ ಅವನನ್ನು ಬಂಧಿಸಿದರು. ಹೆಂಡತಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೊತ್ತಿಕೊಂಡಳು. ಪ್ರಶಂಸಾ ಪತ್ರವನ್ನು ಕಾನ್‌ಸ್ಟೆಬಲ್ ಗೋಡೆಯಿಂದ ಇಳಿಸಿ ಜಪ್ತಿಪಟ್ಟಿಗೆ ಸೇರಿಸಿದ.

ಮಾರನೆಯ ದಿನ ಇನ್‌ಸ್ಪೆಕ್ಟರರು ಕಚೇರಿಯಿಂದ ಮೆಮೊಗಳ ಫೈಲು ತರಿಸಿ ಓದಿದರು. ಮೂರನೆಯ ಮೆಮೊ ಜೊತೆಗೆ ಅವನ ಆ ತಡವಾದ ವರದಿಯನ್ನೂ ಪಿನ್ ಮಾಡಿತ್ತು. ದರ್ಜಿಯ ಊರಿನದೇ ಟ್ಯಾಂಕು. ‘ಮುಚ್ಚಳ ಸರಿದಿದೆ. ಜಾಲರಿ ಕಿತ್ತುಹೋಗಿದೆ. ಹಕ್ಕಿಗಳು ಒಳಗೆ ಬೀಳಬಹುದು. ತಕ್ಷಣ ಸರಿಪಡಿಸಬೇಕು.’ ಅದಕ್ಕೆ ಕಚೇರಿಯ ಉತ್ತರ ಒಂದೇ ಸಾಲು: ವರದಿ ಹತ್ತೊಂಬತ್ತು ಗಂಟೆ ತಡವಾಗಿ ತಲುಪಿದೆ, ಕಾರಣ ಕೊಡಿ. ಕೊನೆಯಲ್ಲಿ, ಫ್ಯಾನಿನ ಕೆಳಗೆ ಕೂತಿದ್ದ ಆ ಅಧಿಕಾರಿಯ ಸಹಿ.

ಇನ್‌ಸ್ಪೆಕ್ಟರರು ಅದನ್ನು ಎರಡು ಸಲ ಓದಿದರು. ಪ್ರಕರಣದ ಹಾಳೆ ಎಳೆದುಕೊಂಡು, ಎರಡನೇ ಆರೋಪಿ ಎಂದು ಬರೆದು, ಅಧಿಕಾರಿಯ ಹುದ್ದೆಯನ್ನು ತುಂಬಿಸಿದರು.

ಹನ್ನೊಂದು ಗಂಟೆಗೆ ದರ್ಜಿ ಬಂದ. ಹೇಳಿಕೆಗೆ ಸಹಿ ಹಾಕಿ ಎದ್ದವನು ಬಾಗಿಲ ಬಳಿ ನಿಂತ.

“ಸಾರ್, ಆವತ್ತು ಕೇಳಿದ್ದೆ. ಯಾರೂ ನೋಡಲಿಲ್ವಾ ಅಂತ.”

ಇನ್‌ಸ್ಪೆಕ್ಟರರು ಫೈಲು ಮುಚ್ಚಿದರು. ಸುಳ್ಳು ಹೇಳಲು ಒಂದು ಕ್ಷಣ ಆಸೆಯಾಯಿತು.

“ನೋಡಿದ್ರು,” ಎಂದರು. “ಎಂಟು ತಿಂಗಳ ಹಿಂದೆಯೇ ನೋಡಿ, ಬರೆದೂ ಕಳಿಸಿದ್ರು.”

ದರ್ಜಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.