ಅವಳು ಯಾವ ಕಡೆ ನೋಡಬೇಕು?

"ಇವನು ಯಾವ ಕಡೆ ನೋಡ್ಬೇಕು ಅಂತ ನನ್ನ ಒಂದು ಮಾತು ಕೇಳಿದ್ರಾ?"

ಅವಳ ಕೂಗಿಗೆ ಇಡೀ ಅಂಗಡಿ ಬೆಚ್ಚಿಬಿತ್ತು.

ಅದು ಯುದ್ಧದಾಟದ ಪುಟಾಣಿ ಗೊಂಬೆಗಳ ಅಂಗಡಿ. ಹೆಬ್ಬೆರಳುದ್ದದ ಸೈನಿಕರಿಗೆ ಬಣ್ಣ ಹಚ್ಚುವುದು ಅವಳ ಕೆಲಸ. ಎದುರಿಗೆ ಪೆಚ್ಚಾಗಿ ನಿಂತವನು ಅಂದಷ್ಟೇ ಸೇರಿದವನು. ಗೊಂಬೆಗಳು ಬೀಳದ ಹಾಗೆ ಕಾಲಡಿಗೆ ಬಿಲ್ಲೆಯಂಥ ಬೇಸ್ ಕೂರಿಸುವುದು ಅವನ ಕೆಲಸ.

ಬಂದ ದಿನವೇ ಎಡವಟ್ಟು! ಅವಳು ವಾರಗಟ್ಟಲೆ ಬಣ್ಣ ಹಚ್ಚಿದ್ದ ಬಿಲ್ಲುಗಾರನ ಪಾದ ಕೊರೆದು, ತಂತಿ ತೂರಿಸಿ, ಅಂಟು ಹಾಕಿ ಕೂರಿಸಿಬಿಟ್ಟಿದ್ದ. ಪಾಪ, ಬಿಲ್ಲುಗಾರ ಬೇಸಿನ ಮೇಲಿದ್ದ ಮುರುಕು ಗೋಡೆಗೇ ಗುರಿಯಿಟ್ಟು ನಿಂತಿದ್ದ.

"ಗೋಡೆಗೆ ಬಾಣ ಹೊಡೀತಾನಾ ಇವನು? ಒಂದ್ಸಲ ಪಾದ ಕೊರೆದ್ರೆ ಮುಗೀತು, ಮತ್ತೆ ತಿರುಗಿಸೋಕಾಗಲ್ಲ! ಇನ್ಮೇಲೆ ನನ್ನ ಬಾಯಿಂದ ಕೇಳದೆ ನನ್ನ ಗೊಂಬೆಗೆ ತಂತಿ ಹಾಕ್ಬೇಡಿ."

"ಇಲ್ಲ ಮೇಡಂ. ಆಣೆಗೂ ಹಾಕಲ್ಲ."

ಬೇಸಿಗೆ ಉದುರಿಸುವ ಮರಳು ಅವನ ಹುಬ್ಬಿನ ಮೇಲೂ! ಅಷ್ಟು ಸಿಟ್ಟಿನಲ್ಲೂ ಅವಳಿಗೆ ನಗು ತಡೆಯಲಾಗಲಿಲ್ಲ. ಅಂದೇ ಅವನಿಗೆ ಮಣ್ಣಪ್ಪ ಎಂದು ಹೆಸರಿಟ್ಟಳು. ಅವನೇನು ಕಡಿಮೆಯೇ? ಮರುದಿನ ಅವಳು ಬಣ್ಣಮ್ಮ ಆದಳು.

ಆಮೇಲಿನದನ್ನು ಬಿಡಿಸಿ ಹೇಳಬೇಕೇ? ಒಂದೇ ಮೇಜು, ಒಂದೇ ದೀಪ. ನೀವು ಹೋಗಿ ನೀನು ಬಂತು. ಅವನ ಅಮ್ಮ ಟೀ ಸೋಸುವ ಹಳೇ ಜಾಲರಿಯಲ್ಲಿ ಬೇಸಿಗೆ ಹಾಕುವ ಮರಳು ಸೋಸಿ ಕಳಿಸುತ್ತಿದ್ದರು. "ನನ್ನ ಬಣ್ಣಮ್ಮನ ಗೊಂಬೆ ಕಾಲಿಗೆ ಕಲ್ಲು ಚುಚ್ಚಬಾರದು" ಎನ್ನುವುದು ಅವರ ಮಾತು.

ಒಂದು ದಿನ ಅವನು ಮೊಟ್ಟೆಯಾಕಾರದ ದೊಡ್ಡ ಬೇಸ್ ಆರಿಸಿ ತಂದ.

"ಇದು ಕುದುರೆ ಸವಾರನಿಗಲ್ವಾ?"

"ಅಲ್ಲ, ಇಬ್ಬರಿಗೆ. ಆಟದಲ್ಲಿ ಒಂದೇ ಬೇಸ್ ಮೇಲಿರೋರು ಒಟ್ಟಿಗೇ ನಡೀತಾರೆ, ಒಟ್ಟಿಗೇ ಬೀಳ್ತಾರೆ." ಅವನು ತಲೆ ತಗ್ಗಿಸಿದ. "ಇದು ಮುಗಿದ ದಿನ ಅಮ್ಮನ್ನ ಕರ್ಕೊಂಡು ನಿಮ್ಮಕ್ಕನ ಮನೆಗೆ ಬರ್ತೀನಿ."

ಅವಳು ಒಬ್ಬ ಡೋಲಿನವನಿಗೆ, ಒಬ್ಬಳು ಬಾವುಟದವಳಿಗೆ ಬಣ್ಣ ಹಚ್ಚಿದಳು. ಬಾವುಟದವಳ ಕೆನ್ನೆಗೆ ತನ್ನದೇ ಮಚ್ಚೆ ಇಟ್ಟಳು. ಎಷ್ಟು ಕನಸು ಕಂಡಿದ್ದಳು!

ಆ ಬೆಳಗ್ಗೆ ಅಂಗಡಿಯ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಒಳಗೆ ಯಾರೋ ಗಿರಾಕಿ ಆ ಬೇಸ್ ಎತ್ತಿ ನೋಡುತ್ತಿದ್ದರು. ಅವನು ನಗುತ್ತಾ ಹೇಳುತ್ತಿದ್ದ:

"ಡೋಲಿನವನು ಕದಲಲ್ಲ ಸಾರ್, ತಂತಿ ಹಾಕಿದೀನಿ. ಅವಳು ಬರೀ ಅಂಟುಮೇಣದ ಮೇಲೆ ನಿಂತಿದಾಳೆ. ತೆಗೀಬಹುದು."

ತೆಗೀಬಹುದು...!

'ಹಾಗಾದ್ರೆ ನಾನು? ಬೇಡ ಅನಿಸಿದ ದಿನ ಕಿತ್ತು ಪಕ್ಕಕ್ಕಿಡೋಕಾ?'

ಅಯ್ಯೋ ಹುಚ್ಚಿ, ಒಳಗೆ ಹೋಗಿ ಒಂದು ಮಾತು ಕೇಳಬಾರದಿತ್ತೇ! ಕೇಳಲಿಲ್ಲ. ಬಂದ ದಾರಿಗೇ ಹಿಂದಿರುಗಿದಳು.

ಮತ್ತೆ ಅಂಗಡಿಗೆ ಹೋಗಲಿಲ್ಲ. ಗಾಬರಿಯಾದ ಅವನು ಅಮ್ಮನನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದಾಗ, ಭಾವನ ಬಾಯಲ್ಲಿ 'ಮನೆಯಲ್ಲಿಲ್ಲ' ಎನ್ನಿಸಿದಳು.

"ಒಂದ್ಸಲ ಮುಖ ನೋಡ್ಕೊಂಡು ಹೋಗ್ತಿದ್ನಪ್ಪಾ..." ಎಂದ ಆ ತಾಯಿಯ ದನಿ ಬಾಗಿಲ ಹಿಂದೆ ನಿಂತವಳಿಗೆ ಸ್ಪಷ್ಟವಾಗಿ ಕೇಳಿಸಿತು. 'ಅಮ್ಮನ ಬಲವಂತಕ್ಕೆ ಬಂದಿದಾನೆ' ಎಂದು ಹಲ್ಲುಕಚ್ಚಿ ನಿಂತಳು. ಆಮೇಲೆ ಊರನ್ನೇ ಬಿಟ್ಟಳು.

ಊರು ಬಿಟ್ಟರೆ ಮನಸ್ಸು ಬಿಡುತ್ತದೆಯೇ? ಯಾವ ಗೊಂಬೆಗೆ ಬಣ್ಣ ಹಚ್ಚಿದರೂ ಕಣ್ಣು ಮಂಜಾಗುತ್ತಿತ್ತು.

ಮುಂದೊಂದು ದಿನ ಅಂಗಡಿಯ ಯಜಮಾನರ ಫೋನ್ ಬಂತು. "ಅಂಗಡಿ ಮುಚ್ತಾ ಇದೀನಮ್ಮಾ. ನಿನ್ನ ಬ್ರಶ್ಶು ಇಲ್ಲೇ ಇವೆ, ಬಂದು ತಗೊಂಡು ಹೋಗು."

ಹೋದಾಗ ಯಜಮಾನರಿರಲಿಲ್ಲ. ಖಾಲಿ ಕಪಾಟುಗಳ ನಡುವೆ ಅವನೊಬ್ಬನೇ ಪೆಟ್ಟಿಗೆ ಕಟ್ಟುತ್ತಿದ್ದ. ಬಡವಾಗಿದ್ದ.

"ಚೆನ್ನಾಗಿದೀರಾ?" ಎಂದ.

ಮತ್ತೆ ನೀವು!

"ಹ್ಞೂಂ... ಅಮ್ಮ ಹೇಗಿದಾರೆ?"

ಅವನು ಗೋಡೆಯ ಮೊಳೆಗೆ ತೂಗುಹಾಕಿದ್ದ ಟೀ ಜಾಲರಿ ನೋಡಿದ. "ಹೋದ ಚಳಿಗಾಲದಲ್ಲಿ... ಹೋಗ್ಬಿಟ್ರು. ಕೊನೇಲಿ ಸೋಸಿದ ಮರಳು ಇನ್ನೂ ಡಬ್ಬಿಲಿದೆ. ಬಳಸೋಕೆ ಮನಸ್ಸು ಬರ್ಲಿಲ್ಲ."

ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು. ಮೇಜಿನ ಮೇಲೆ ಅದೇ ಬೇಸ್! ಬಾವುಟದವಳು ಒಣಗಿ ಬಿರಿದ ಮೇಣದ ಮೇಲೆ ವಾಲಿಕೊಂಡಿದ್ದಳು. ತಡೆದಿದ್ದ ಅಳು ಒಮ್ಮೆಲೇ ಉಕ್ಕಿತು.

"ನಿನ್ನ ಗೊಂಬೆಗೆ ತಂತಿ, ನನ್ನ ಗೊಂಬೆಗೆ ಮೇಣ! ಯಾವಾಗ ಬೇಕಾದ್ರೂ ಕಿತ್ತು ಹಾಕಬಹುದಾದೋಳಾ ನಾನು?"

ಅವನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ.

"ಅದಕ್ಕಾ... ಅದಕ್ಕಾ ನೀನು ಹೋಗಿದ್ದು?" ಅವನ ದನಿ ಒಡೆಯಿತು. "ನೀನೇ ಅಲ್ವಾ ಹೇಳಿದ್ದು, ನನ್ನ ಬಾಯಿಂದ ಕೇಳದೆ ತಂತಿ ಹಾಕ್ಬೇಡ ಅಂತ? ಡೋಲಿನವನು ನಾನು, ಯಾವ ಕಡೆ ನೋಡ್ಬೇಕು ಅಂತ ನಂಗೆ ಗೊತ್ತಿತ್ತು. ಅವಳದ್ದು ನೀನು ಹೇಳ್ಬೇಕಿತ್ತು. ಆವತ್ತು ನೀನು ಬಂದ್ಮೇಲೆ ಕೇಳೋಣ ಅಂತ ಕಾಯ್ತಿದ್ದೆ..."

ಆಗಲೇ ಅವಳು ಡೋಲಿನವನನ್ನು ಸರಿಯಾಗಿ ನೋಡಿದ್ದು. ಅವನು ರಣರಂಗದ ಕಡೆ ನೋಡುತ್ತಿರಲಿಲ್ಲ. ಪೂರ್ತಿ ಬಾವುಟದವಳ ಕಡೆಗೇ ತಿರುಗಿದ್ದ.

ಅವಳೇ ಹಾಕಿದ ಕಟ್ಟಳೆ! ಅವನು ಉಳಿಸಿಕೊಂಡಿದ್ದ, ಅವಳು ಮರೆತಿದ್ದಳು.

"ನಾನು ಆವತ್ತು ಮನೇಲೇ ಇದ್ದೆ ಕಣೋ... ಬಾಗಿಲ ಹಿಂದೆ."

"ಗೊತ್ತು. ಬಣ್ಣ ಮೆತ್ತಿದ ನಿನ್ನ ಚಪ್ಪಲಿ ಹೊರಗಿತ್ತಲ್ಲ. ಅಮ್ಮಾನೂ ನೋಡಿದ್ರು. 'ಕೋಪ ಇಳೀಲಿ, ಮತ್ತೆ ಬರೋಣ' ಅಂದ್ರು."

ಅವಳು ನೆಲಕ್ಕೆ ಕುಸಿದು ಬಿಕ್ಕಿಬಿಕ್ಕಿ ಅತ್ತಳು. ಅಳು ಎಷ್ಟು ಹರಿದರೇನು, ಆ ತಾಯಿ ಮತ್ತೆ ಬರುವುದುಂಟೇ? ಅವನು ಪಕ್ಕದಲ್ಲಿ ಕೂತು ಅವಳ ತಲೆ ನೇವರಿಸಿದ. ಅವನೂ ಅಳುತ್ತಿದ್ದ.

ಎಷ್ಟೋ ಹೊತ್ತಿನ ಮೇಲೆ ಅವಳೇ ಎದ್ದು, ಒಣಗಿದ ಮೇಣವನ್ನು ಉಗುರಿನಿಂದ ಕೆರೆದು ತೆಗೆದಳು. ಬಾವುಟದವಳನ್ನು ಅವನ ಅಂಗೈಯಲ್ಲಿಟ್ಟಳು.

"ಯಾವ ಕಡೆ ನೋಡ್ಬೇಕು ಇವಳು?" ಅವನು ಮೆಲ್ಲಗೆ ಕೇಳಿದ.

"ಅವನ ಕಡೆ."

"ಒಂದ್ಸಲ ಕೊರೆದ್ರೆ ಮತ್ತೆ ತಿರುಗಿಸೋಕಾಗಲ್ಲ, ಬಣ್ಣಮ್ಮ..."

"ಗೊತ್ತು. ಕೊರಿ ಮಣ್ಣಪ್ಪ. ಆಮೇಲೆ... ಅಮ್ಮನ ಮರಳು ತಗೊಂಡು ಬಾ."