ಯಜಮಾನರು ಹೊರಗೆ ಹೋಗಿದ್ದಾರೆ

“ಶೇರು, ಬಾಯ್ಲರು, ಗೋದಾಮು ಎಲ್ಲಾ ಇನ್ಮೇಲೆ ನಿನ್ನದೇ. ಆದ್ರೆ ಒಂದು ಮಾತು. ಈ ಗೇಟಿನ ಒಳಗೆ ‘ನಾನೇ ಯಜಮಾನ’ ಅಂತ ಬಾಯಿ ತಪ್ಪಿಯೂ ಅನ್ನಬೇಡ.”

ದೊಡ್ಡವರು ಇದನ್ನು ಹೇಳಿದ್ದು ಗೋಡೆಗೆ. ಎದುರು ಕೂತಿದ್ದ ಕಿರಿಯ ಪಾಲುದಾರನ ಮುಖ ನೋಡಲು ಅವರಿಗೆ ಆಗುತ್ತಿರಲಿಲ್ಲ. ಈ ಕಿರಿಯನಿಗೆ ಮನೆಯವರು, ಗೆಳೆಯರು ಸೇರಿ ಇಟ್ಟಿದ್ದ ಹೆಸರು ಉಲ್ಟಾ. ಒಲೆ ಮುಟ್ಟಬೇಡ ಎಂದರೆ ಮೊದಲು ಹೋಗಿ ಮುಟ್ಟಿ ಬರುತ್ತಿದ್ದ ಮಗು ಅದು. ದೊಡ್ಡವನಾದ ಮೇಲೂ ಅದೇ ಚಾಳಿ. ಮೂಳೆ, ಚರ್ಮ ಬೇಯಿಸಿ ಅಂಟು ತೆಗೆಯುವ ಆ ನಾರುವ ಕಂಪನಿಗೆ ಕೈ ಹಾಕಬೇಡ ಎಂದು ಎಲ್ಲರೂ ಬುದ್ಧಿ ಹೇಳಿದ್ದಕ್ಕೇ ಹೋಗಿ ಕೈ ಹಾಕಿದ್ದ.

“ಅಂದ್ರೆ ಏನಾಗುತ್ತೆ?”

“ಇಲ್ಲಿ ಅಂಟು ಕುದಿಸ್ತಿದ್ದವನೇ ನನ್ನ ಮೊದಲ ಪಾಲುದಾರ. ಅವನು ಸತ್ತ ಮೇಲೆ ಅವನ ಹೆಂಡತಿ ಮಾಟ ಮಾಡಿಸಿದಾಳೆ. ಹಳೇ ಒಲೆ ಕೆಳಗೆ ಹೂತಿದೆ.”

“ಕಂಪನಿ ಅಂದ್ಮೇಲೆ ಮಾರಾಟ ಇರುತ್ತೆ ಅಂತ ಗೊತ್ತಿತ್ತು. ಮಾಟಾನೂ ಇರುತ್ತಾ?”

ದೊಡ್ಡವರು ನಗಲಿಲ್ಲ. ವಕೀಲ ಗುರುತು ಹಾಕಿಟ್ಟ ಕಡೆಯೆಲ್ಲ ಸಹಿ ಹಾಕಿ ಪೆನ್ನು ದಾಟಿಸಿದರು. ಉಲ್ಟಾ ಕಾಲ ಮೇಲೆ ಕಾಲು ಹಾಕಿಕೊಂಡೇ ಸಹಿ ಮಾಡಿದ.

ಆ ಕಂಪನಿಯ ತಿಕ್ಕಲುತನವನ್ನು ಅವನು ಬಂದ ದಿನವೇ ಗಮನಿಸಿದ್ದ. ಕೌಂಟರಿಗೆ ಯಾರು ಬಂದು “ಯಜಮಾನರು ಇದ್ದಾರಾ?” ಎಂದರೂ ಗುಮಾಸ್ತ ತಲೆ ಎತ್ತದೆ “ಹೊರಗೆ ಹೋಗಿದ್ದಾರೆ” ಎನ್ನುತ್ತಿದ್ದ. ದೊಡ್ಡವರು ಪಕ್ಕದಲ್ಲೇ ಚಹಾ ಹೀರುತ್ತ ಕೂತಿದ್ದರೂ ಅದೇ ಉತ್ತರ. ದೊಡ್ಡವರ ವಿಷಯವೂ ಒಂದು ಥರಾ. ಮನೆಯಲ್ಲಿ ಹೆಂಡತಿ ಗಟ್ಟಿಮುಟ್ಟಾಗಿದ್ದರೂ ಊಟ ತಿಂಡಿಯೆಲ್ಲ ಹೋಟೆಲಿನದು. ಅವರ ಫೋನಿಗೆ ಮನೆಯಿಂದ ಒಂದು ಕರೆ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಉಲ್ಟಾನ ಮನೆ ಹಾಗಲ್ಲ. ಈ ಭೂಮಿಯ ಮೇಲೆ ಅವನು ಮಾತು ಕೇಳುತ್ತಿದ್ದರೆ ಅದು ಹೆಂಡತಿಯೊಬ್ಬಳದು. ಅವಳ ಕಣ್ಣಲ್ಲಿ ಒಂದು ಸಲ ದೊಡ್ಡ ಮನುಷ್ಯ ಎನಿಸಿಕೊಳ್ಳಬೇಕು ಎನ್ನುವ ಹುಚ್ಚಿಗೇ ಅವನು ಇಷ್ಟೆಲ್ಲ ಮೈಮೇಲೆ ಎಳೆದುಕೊಂಡಿದ್ದು.

“ಇನ್ಮೇಲೆ ನಿಮ್ಮನ್ನ ಉಲ್ಟಾ ಅಂತ ಕರೆಯೋ ಹಾಗಿಲ್ಲಪ್ಪ,” ಎಂದು ಅವಳು ಆ ಸಂಜೆ ಅವನ ಅಂಗಿಯ ಕಾಲರು ಸರಿ ಮಾಡಿದಳು. “ನಾಳೆ ಊಟ ನಾನೇ ತರ್ತೀನಿ. ನಮ್ಮ ಯಜಮಾನ್ರು ಕುರ್ಚೀಲಿ ಹೆಂಗೆ ಕೂತಿರ್ತಾರೆ, ನೋಡಬೇಕು ನಾನು.”

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ಕಿಟಕಿಯಿಲ್ಲದ ಆ ಕಚೇರಿ ನಡುಹಗಲಲ್ಲೇ ಕತ್ತಲ ಗವಿಯಾಯಿತು. ಗೋಡೆಯಾಚೆ ಕಡಾಯಿ ಗುಳುಗುಳು ಎನ್ನುತ್ತಿತ್ತು. ಬೆಂದ ಮೂಳೆಯ ಸಿಹಿಸಿಹಿ ಕೊಳೆನಾತ ಬಾಗಿಲ ಸಂದಿಯಿಂದ ನುಸುಳಿ ಗಂಟಲಲ್ಲಿ ಪಸೆಯಾಗಿ ಕೂತಿತು. ಉಲ್ಟಾ ದೊಡ್ಡ ಕುರ್ಚಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ.

ಕೌಂಟರಿನ ಆಚೆ ಒಂದು ಹೆಂಗಸಿನ ದನಿ. ಓಡಿ ಬಂದವಳ ಏದುಸಿರು.

“ಯಜಮಾನರು ಇದ್ದಾರಾ?”

“ಹೊರಗೆ ಹೋಗಿದ್ದಾರೆ,” ಎಂದ ಗುಮಾಸ್ತ.

ಉಲ್ಟಾನಿಗೆ ಪಿತ್ತ ನೆತ್ತಿಗೇರಿತು. ಸಹಿಯ ಮಸಿ ಇನ್ನೂ ಆರಿಲ್ಲ, ಆಗಲೇ ತನ್ನನ್ನು ಹೊರಗೆ ಕಳಿಸುತ್ತಿದ್ದಾನೆ ಈ ಗುಮಾಸ್ತ.

“ಯಾರೋ ಅದು ಹೊರಗೆ ಹೋಗಿರೋದು? ಇಲ್ಲೇ ಕೂತಿದೀನಿ. ನಾನೇ ಯಜಮಾನ.”

ಕಡಾಯಿಯ ಸದ್ದು ನಿಂತಿತು. ಒಲೆ ಉರಿಯುತ್ತಲೇ ಇತ್ತು, ಕುದಿ ಮಾತ್ರ ನಿಂತಿತ್ತು. ಉಲ್ಟಾ ಎದ್ದು ಕೌಂಟರಿನತ್ತ ನಡೆಯಹೋದರೆ ಚಪ್ಪಲಿ ನೆಲಕ್ಕೆ ಕಚ್ಚಿಕೊಂಡು ಚರ್ರನೆ ಕಿತ್ತು ಬಂತು. ಕೌಂಟರಿನ ಆಚೆ ಯಾರೂ ಇರಲಿಲ್ಲ.

“ಯಾರೋ ಬಂದಿದ್ದು?”

“ನಾನು ನೋಡ್ಲಿಲ್ಲ ಸಾರ್,” ಎಂದ ಗುಮಾಸ್ತ. “ದನಿ ಕೇಳಿಸ್ತು. ಅಭ್ಯಾಸಬಲ, ಹೇಳ್ಬಿಟ್ಟೆ.”

ಅಷ್ಟರಲ್ಲಿ ಮೂಲೆಯಲ್ಲಿ ತಮ್ಮ ಸಾಮಾನು ಕಟ್ಟಿಕೊಳ್ಳುತ್ತಿದ್ದ ದೊಡ್ಡವರ ಫೋನು ಬಡಿದುಕೊಂಡಿತು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗಿಟ್ಟರು. “ಹ್ಞಾ... ನಾನೇ ಕಣೇ. ಊಟಕ್ಕಾ? ಬರ್ತೀನಿ. ಈಗಲೇ ಬಂದೆ.” ಆ ಮುದುಕ ಬಿಕ್ಕಿ ಬಿಕ್ಕಿ ಅತ್ತ. ಅಳುತ್ತಲೇ ಹೇಳಿದ.

“ನನ್ನ ಪಾಲುದಾರ ಕುದಿಯೋ ಕಡಾಯಿಗೆ ಬಿದ್ದು ಒಳಗೆ ನರಳ್ತಿದ್ದ. ಹೆಂಡತಿ ಓಡಿ ಬಂದು ‘ನಮ್ಮ ಯಜಮಾನರು ಇದ್ದಾರಾ’ ಅಂದ್ಲು. ಹೊರಗೆ ಹೋಗಿದ್ದಾರೆ ಅಂತ ಹೇಳಿಸಿದೆ. ಪ್ರಾಣ ಹೋಗೋದ್ರೊಳಗೆ ಅವನ ಪಾಲಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸ್ಕೋಬೇಕಿತ್ತು ನಂಗೆ. ಇಲ್ಲಿ ಯಜಮಾನ ಅನ್ನಿಸ್ಕೊಂಡವನು ಕಟ್ಟಿಕೊಂಡವಳ ಕಣ್ಣಿಗೆ ಇದ್ದೂ ಇಲ್ಲದ ಹಾಗಾಗಲಿ ಅಂತ ಕಟ್ಟು ಹಾಕಿಸಿದ್ಲು. ನನ್ನವಳು ಅವತ್ತಿಂದ ನನ್ನ ನೋಡಿಲ್ಲ. ಇನ್ನೊಬ್ಬ ಸಹಿ ಹಾಕಿ, ಬಾಯಿಬಿಟ್ಟು ಆ ಮಾತು ಹೇಳೋ ತನಕ ನಂಗೆ ಬಿಡುಗಡೆ ಇರಲಿಲ್ಲ.”

“ಮತ್ತೆ ನಂಗೆ ಹೇಳಬೇಡ ಅಂದ್ರಲ್ಲ?”

“ನಿಂಗೆ ಹೇಳು ಅಂದಿದ್ರೆ ಹೇಳ್ತಿದ್ಯಾ?”

ದೊಡ್ಡವರು ಹೊರಟೇ ಹೋದರು. ಆ ವಯಸ್ಸಿಗೆ ಅಷ್ಟು ಬಿರುಸಾಗಿ ನಡೆಯಬಾರದು.

ಉಲ್ಟಾ ನಗಲು ನೋಡಿದ. ಬಾಯಿ ಅಂಟಿತ್ತು. ಗೇಟಿನ ಬಳಿ ಬಳೆಯ ಸದ್ದು. ಅವಳೇ. ಕೈಯಲ್ಲಿ ಊಟದ ಡಬ್ಬಿ, ಹೊಸ ಸೀರೆ. ಅವನು ಓಡಿದ. ಎದುರು ನಿಂತ. ಅವಳ ಕಣ್ಣು ಅವನ ಎದೆಯನ್ನು ಹಾದು ಹಿಂದಿನ ಗೋಡೆಯನ್ನು ನೋಡುತ್ತಿತ್ತು. ಹೆಸರು ಹಿಡಿದು ಕೂಗಿದ. ಅವಳು ಸೆರಗು ಸರಿಮಾಡಿಕೊಂಡಳು. ಭುಜ ಹಿಡಿದು ಅಲುಗಿಸಿದ. ಚಳಿಗೆ ಎನ್ನುವ ಹಾಗೆ ಒಮ್ಮೆ ನಡುಗಿದಳು, ಅಷ್ಟೇ. ಫೋನು ಮಾಡಿದ. ಅವನ ಮುಖದ ಮುಂದೆಯೇ ಫೋನು ಎತ್ತಿ “ಹಲೋ, ಹಲೋ” ಎಂದಳು. ಅವನು ಕಿರುಚಿದ. “ಏನೂ ಕೇಳಿಸ್ತಿಲ್ಲಾರೀ,” ಎಂದು ಇಟ್ಟುಬಿಟ್ಟಳು. ಬಿಸಿಲು ಇಳಿದು ನೆರಳು ಬಾಗಿಲು ದಾಟುವವರೆಗೂ ಕಾದಳು. ಆಮೇಲೆ ಡಬ್ಬಿಯನ್ನು ಕೌಂಟರಿನ ಮೇಲಿಟ್ಟು, ಸಪ್ಪೆ ಮುಖ ಮಾಡಿಕೊಂಡು ಹೋದಳು.

ಅವನು ಹಿಂದೆಯೇ ಹೋದ. ಅದೇ ಮನೆಯಲ್ಲಿ, ಅವಳ ಕೈಗೆಟಕುವಷ್ಟು ದೂರದಲ್ಲಿ ಕೂತು, ಅವಳು ತನಗಾಗಿ ಅಳುವುದನ್ನು ದಿನವೂ ನೋಡಿದ. ಗಂಡ ಕಾಣೆಯಾಗಿದ್ದಾನೆ ಎಂದು ಪೊಲೀಸರಿಗೆ ದೂರು ಕೊಡಲು ಹೋದವಳ ಜೊತೆ ತಾನೂ ಹೋಗಿ ಬಂದ. ಅಲ್ಲಿ ಪೇದೆ ಅವನನ್ನು ತೋರಿಸಿ “ಇವರ್ಯಾರಮ್ಮಾ?” ಎಂದಾಗ ಅವಳು ಖಾಲಿ ಜಾಗ ನೋಡಿ ಬೆದರಿ ಎದ್ದು ಬಂದಳು. ಇಂಥ ಸಂಕಟ ಶತ್ರುವಿಗೂ ಬೇಡ ಎಂದು ಅವನಿಗೆ ಅನ್ನಿಸಿತು. ಮೊದಮೊದಲು ಹಾಗೆ ಅನ್ನಿಸಿತು.

ಒಂದು ದಿನ ಅವಳ ತಮ್ಮ ಕಂಪನಿಗೆ ಹುಡುಕಿಕೊಂಡು ಬಂದ. ಹೊಸದಾಗಿ ಮದುವೆಯಾಗಿ ಕೆಲಸ ಹುಡುಕುತ್ತಿದ್ದವನು. ಉಲ್ಟಾನಿಗೆ ತದ್ವಿರುದ್ಧ, ಹಿರಿಯರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು. ಕುರ್ಚಿಯಲ್ಲಿ ಕೂತ ಭಾವನನ್ನು ಕಂಡು ಬೆಪ್ಪಾಗಿ ನಿಂತ.

“ಇಲ್ಲೇ ಇದೀರಲ್ಲ ಭಾವ. ಅಕ್ಕ ಊಟ ಬಿಟ್ಟು ಕೂತಿದಾಳೆ.”

“ಬರ್ತೀನಿ ಕಣೋ. ಇಲ್ಲಿ ಒಬ್ಬನಿಗೇ ಕೈ ಸಾಲ್ತಿಲ್ಲ. ನಿನ್ನನ್ನ ಪಾಲುದಾರನಾಗಿ ಸೇರಿಸ್ಕೋಬೇಕು ಅಂತಿದ್ದೆ.”

“ನನ್ನನ್ನಾ? ನೀವು ಹೆಂಗೆ ಹೇಳ್ತೀರೋ ಹಂಗೆ ಭಾವ.”

“ನಿನ್ನ ಹೆಂಡತಿ ಹೆಂಗಿದಾಳೆ?”

“ಚೆನ್ನಾಗಿದಾಳೆ,” ಅವನು ನಾಚಿಕೊಂಡ. “ನಾನು ಬರೋದು ಒಂದು ಗಳಿಗೆ ತಡ ಆದ್ರೂ ಬೀದಿ ಬಾಗಿಲಲ್ಲಿ ನಿಂತಿರ್ತಾಳೆ.”

ಉಲ್ಟಾ ಅವನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ. ಆಮೇಲೆ ವಕೀಲನಿಗೆ ಫೋನು ಮಾಡಿದ.