ಊದಬಾರದ ಇಂಜಿನ್ನು

“ಬಾಯಿಂದ ಮಾತ್ರ ಊದಬೇಡಿ, ಅಳಿಯಂದ್ರೇ. ಪಂಪು ತಗೊಳ್ಳಿ.”

ಅತ್ತೆ ತಲೆಯೆತ್ತದೆ ಹೇಳಿದರು. ಸೀಮೆಎಣ್ಣೆ ತುಂಬಿದ ಹಳೆಯ ಬಾಣಲೆಯಲ್ಲಿ ಅವರು ವಾಲ್ವುಗಳನ್ನು, ಕೂಸಿನ ಕಿವಿ ತೊಳೆಯುವಷ್ಟು ಜೋಪಾನವಾಗಿ, ತೊಳೆಯುತ್ತಿದ್ದರು. ಹಿತ್ತಲ ಶೆಡ್ಡಿನ ತುಂಬ ಸುಟ್ಟ ಎಣ್ಣೆಯ ಕಮಟು. ನೆಲಕ್ಕೆ ಹಾಸಿದ ದುಪ್ಪಟಿಯ ಮೇಲೆ, ತೀರಿಹೋದ ಮಾವನ ಡೀಸೆಲ್ ವ್ಯಾನಿನ ಇಂಜಿನ್ನು ಭಾಗಭಾಗವಾಗಿ ಬಿಚ್ಚಿಕೊಂಡು ಬಿದ್ದಿತ್ತು.

“ಊದಿದ್ರೆ ಏನಾಗುತ್ತೆ ಅತ್ತೆ? ಇಂಜಿನ್ನಿಗೆ ನೆಗಡಿ ಬರುತ್ತಾ?”

ಅತ್ತೆ ನಗಲಿಲ್ಲ. “ನಿಮ್ಮ ಮಾವ ಗ್ಯಾರೇಜಿನ ಪಾಲುದಾರನ್ನ ಜಗಳ ಆಡಿ ಹೊರಗೆ ಹಾಕಿದ್ರು. ಅವನಿಗೆ ಮಾಟ ಗೊತ್ತಿತ್ತು. ಹೋಗ್ತಾ ಇದರ ಮೇಲೆ ಕೈಯಿಟ್ಟ. ‘ಇದರೊಳಗೆ ಹೋದ ಉಸಿರು ಇದರದ್ದೇ’ ಅಂದ. ಇವರು ನಿಮ್ಮ ಹಾಗೇ ನಕ್ಕರು. ಕೊಳವೆಗೆ ಬಾಯಿಟ್ಟು ಊದಿದ್ರು. ವ್ಯಾನು ಶುರುವಾಯ್ತು. ಇವರ ಉಸಿರು…”

“ಅವರಿಗೆ ಉಬ್ಬಸ ಇದ್ದಿರಬೇಕು.”

“ಇರಲಿಲ್ಲ.”

ಅಳಿಯ ಆ ಮನೆಗೆ ಹೊಸಬ. ಮದುವೆಯಾದ ಮೇಲೆ ಹೆಂಡತಿ ಕೇಳಿದ್ದು ಒಂದೇ ಒಂದು: ಅಪ್ಪನ ವ್ಯಾನು ಮತ್ತೆ ಓಡಬೇಕು. ಅತ್ತೆ ಒಳಗೆ ಹೋದದ್ದೇ ತಡ, ಇಂಜಿನ್ನು ಗಾಳಿ ಎಳೆದುಕೊಳ್ಳುವ ಕೊಳವೆಯನ್ನು ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಮುಂದೆ ಹಿಡಿದ.

“ಪಂಪಿಗೆ ಈ ಮಸಿ ಜಗ್ಗಲ್ಲ. ನಾನು ಹಿಡ್ಕೊಂಡಿರ್ತೀನಿ, ಒಂದು ಸಲ ಊದೇ.”

“ಅಮ್ಮ ನೋಡಿದ್ರೆ ನಿಮ್ಮನ್ನೂ ಸೀಮೆಎಣ್ಣೇಲಿ ಅದ್ದುತ್ತಾಳೆ.”

ನಗುತ್ತಲೇ ಊದಿದಳು. ಮಸಿ ಹಾರಿತು. ಹಿಂದೆಯೇ, ಕೊಳವೆಯೊಳಗಿನಿಂದ ಯಾರೋ ಉಸಿರನ್ನು ಒಳಕ್ಕೆ ಎಳೆದುಕೊಂಡಂಥ ಸಣ್ಣ ಸದ್ದು. ಇಬ್ಬರೂ ಗಮನಿಸಲಿಲ್ಲ. ಕೇಳಬೇಕಾದ್ದನ್ನು ಕೇಳುವ ಕಿವಿಯನ್ನು ದೇವರು ಎಲ್ಲರಿಗೂ ಕೊಟ್ಟಿರುತ್ತಾನೆ; ತೆರೆದಿಟ್ಟುಕೊಳ್ಳುವುದು ಅವರವರ ಪಾಲಿನ ಕೆಲಸ.

ಮುಂದಿನ ಭಾನುವಾರದ ಹೊತ್ತಿಗೆ ಇಂಜಿನ್ನು ವ್ಯಾನಿನಲ್ಲಿ ಕೂತಿತ್ತು. ಮಟಮಟ ಮಧ್ಯಾಹ್ನ. ಅಳಿಯ ಕೀಲಿ ತಿರುಗಿಸಿದ. ಅಷ್ಟು ವರ್ಷ ಸತ್ತು ಮಲಗಿದ್ದದ್ದು ಒಂದೇ ಏಟಿಗೆ ಎದ್ದು ಗುಡುಗಿತು. ಹೆಂಡತಿ ಚಪ್ಪಾಳೆ ತಟ್ಟಿದಳು. ಮತ್ತೆ ತಟ್ಟಲು ಎತ್ತಿದ ಕೈಗಳು ಗಂಟಲಿಗೆ ಹೋದವು.

“ರೀ…”

ಬಾಯಿ ತೆರೆದೇ ಇತ್ತು. ಗಾಳಿ ಒಳಗೆ ಹೋಗುತ್ತಿರಲಿಲ್ಲ. ತುಟಿ ನೀಲಿಗಟ್ಟಿತು.

ಅತ್ತೆ ಓಡಿ ಬಂದರು. “ಊದಿದ್ಳಾ? ಬಾಯಿ ಬಿಡಿ, ಊದಿದ್ಳಾ?”

“ಹೂಂ ಅತ್ತೆ.”

“ಆರಿಸಿ ಅದನ್ನ!”

ಕೀಲಿ ತಿರುಗಿಸಿದ. ನಿಲ್ಲಲಿಲ್ಲ. ಕಿತ್ತೇಬಿಟ್ಟ. ಇಂಜಿನ್ನು ಇನ್ನೂ ಜೋರಾಯಿತು. ಕೂದಲು ಸುಟ್ಟ ವಾಸನೆ. ಶೆಡ್ಡಿನೊಳಗೆ ಕರಿಹೊಗೆ. ಹಗಲು ಅದರಲ್ಲಿ ಮುಳುಗಿತು. ಹೆಂಡತಿ ನೆಲಕ್ಕೆ ಕುಸಿದಳು. ಡೀಸೆಲ್ ಇಂಜಿನ್ನು ಹಟ ಹಿಡಿದರೆ ಅದರ ಗಾಳಿ ಕಟ್ಟಬೇಕು. ಅದೊಂದೇ ದಾರಿ. ಕೊಳವೆಯನ್ನು ಕಿತ್ತ. ಇಂಜಿನ್ನಿನ ಬೋಳು ಬಾಯಿಗೆ ಬಲ ಅಂಗೈ ಒತ್ತಿದ.

ಅದು ಕೈಯನ್ನು ಹೀರಿತು. ಗಾಳಿ ಹೀರುವಂತಲ್ಲ. ಹಸಿದ ಕೂಸು ಮೊಲೆ ಹೀರುವಂತೆ. ಭುಜದಿಂದ ಏನೋ ನೂಲುನೂಲಾಗಿ ಇಳಿದುಹೋಯಿತು. ಅವನು ಕೂಗಿದ. ಕೈ ತೆಗೆಯಲಿಲ್ಲ.

ಇಂಜಿನ್ನು ಬಿಕ್ಕಿತು. ನಡುಗಿತು. ನಿಂತಿತು.

ಆ ಮೌನದಲ್ಲಿ ಹೆಂಡತಿಯ ಉಸಿರು ಗೊರಗೊರ ಬಂತು. ಕೆಮ್ಮಿದಳು. ಅತ್ತಳು. ಅವನು ನಕ್ಕ, “ನೋಡಿ ಅತ್ತೆ, ಕೈಗೆ ಒಂದು ಗಾಯ ಕೂಡ ಇಲ್ಲ.”

ಅತ್ತೆ ಅವನ ಅಂಗೈಯನ್ನು ಬಾಗಿಲ ಬೆಳಕಿಗೆ ತಿರುಗಿಸಿದರು. ಗಾಯವಿರಲಿಲ್ಲ. ಆಯುಸ್ಸಿನದು, ವಿದ್ಯೆಯದು, ಸಂತಾನದ್ದು, ಒಂದು ಗೆರೆಯೂ ಇರಲಿಲ್ಲ. ತೊಳೆದಿಟ್ಟ ತಟ್ಟೆಯಂತೆ ನುಣ್ಣಗಿತ್ತು.

ಅತ್ತೆ ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮುಚ್ಚಿದರು.

“ಅವಳಿಗೆ ತೋರಿಸಬೇಡಿ,” ಎಂದರು.